ಸರ್ವರ್ ಕಮಾಂಡುಗಳ ಆಯ್ಕೆಗಳು ಮತ್ತು ಕಾನ್ಫಿಗ್ ಫೈಲುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರದ ಕಡೆ ಸರ್ವರ್ ನೋಡಿಕೊಳ್ಳುವವರಲ್ಲಿ ಬಹಳ ಮಂದಿ ಅದಕ್ಕೆಂದೇ ನೇಮಕಗೊಂಡವರಲ್ಲ. ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವರು, ಕನ್ನಡ ಮಾಧ್ಯಮ ಶಾಲೆಯಲ್ಲಿ ಐಟಿ ಹೊಣೆ ಹೊತ್ತ ಅಧ್ಯಾಪಕರು, ಊರಿನ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಇಂಟರ್ನೆಟ್ಟಿಗೆ ಏರಿಸಿದ ಯುವಕರು, ಬೆಂಗಳೂರಿನ ಕಂಪೆನಿಯ ಕೆಲಸವನ್ನು ಮನೆಯ ಚಾವಡಿಯಲ್ಲೇ ಕೂತು ಮಾಡುವವರು ಹೀಗೆ ಎಲ್ಲರೂ ಇದ್ದಾರೆ. ಅವರು ಫೋನಿನಲ್ಲಿ, ಪತ್ರದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಸಹ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಸಾಧ್ಯವಾದಷ್ಟು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಉಬುಂಟು ಮತ್ತು ಡೆಬಿಯನ್ ಎಂಬ ಲಿನಕ್ಸ್‌ಗಳಿಗೆ ಸೇರಿದವು. ಕಮಾಂಡುಗಳನ್ನು ಓದಿಗೆ ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

## ಆರಂಭಿಕರ ಪ್ರಶ್ನೆಗಳು

ಒಂದು ಅಡ್ಡಗೆರೆಯ ಆಯ್ಕೆಗೂ ಎರಡು ಅಡ್ಡಗೆರೆಯ ಆಯ್ಕೆಗೂ ವ್ಯತ್ಯಾಸ ಎಂತದು?

ಆಯ್ಕೆ ಎಂದರೆ ಕಮಾಂಡು ಹೇಗೆ ನಡೆಯಬೇಕೆಂದು ಅದರ ಜೊತೆಗೆ ಬರೆಯುವ ಸೂಚನೆ. ಒಂದು ಅಡ್ಡಗೆರೆಯ ನಂತರ ಸಾಮಾನ್ಯವಾಗಿ ಒಂದೇ ಅಕ್ಷರ ಬರುತ್ತದೆ, ಎರಡು ಅಡ್ಡಗೆರೆಯ ನಂತರ ಇಡೀ ಪದ ಬರುತ್ತದೆ. ಒಂದಕ್ಷರದ ಆಯ್ಕೆಗಳನ್ನು ಒಟ್ಟು ಸೇರಿಸಬಹುದು, ಅಂದರೆ -ಎಲ್ ಮತ್ತು -ಎ ಎಂಬುದನ್ನು -ಎಲ್‌ಎ ಎಂದು ಬರೆದರೂ ನಡೆಯುತ್ತದೆ. ಉದ್ದದ ಆಯ್ಕೆಗಳನ್ನು ಹಾಗೆ ಸೇರಿಸಲು ಬರುವುದಿಲ್ಲ. ಕೈಯಲ್ಲಿ ಟೈಪ್ ಮಾಡುವಾಗ ಚಿಕ್ಕದನ್ನೂ ಸ್ಕ್ರಿಪ್ಟಿನಲ್ಲಿ ಬರೆದಿಡುವಾಗ ಉದ್ದದ್ದನ್ನೂ ಬಳಸುವುದು ನನ್ನ ಪದ್ಧತಿ, ಏಕೆಂದರೆ ಆರು ತಿಂಗಳ ಮೇಲೆ ಆ ಸ್ಕ್ರಿಪ್ಟನ್ನು ತೆರೆದಾಗ ಒಂಟಿ ಅಕ್ಷರದ ಅರ್ಥ ನನಗೇ ನೆನಪಿರುವುದಿಲ್ಲ.

ಅಕ್ಷರ ಚಿಕ್ಕದೋ ದೊಡ್ಡದೋ ಎಂಬುದೂ ಮುಖ್ಯ. ದೂರದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ಗೆ ಪೋರ್ಟ್ ಸಂಖ್ಯೆ ಕೊಡಲು ಚಿಕ್ಕ ಪಿ ಬೇಕು. ಅದರ ಜೊತೆಗೇ ಬರುವ, ಫೈಲು ನಕಲಿಸುವ ಎಸ್‌ಸಿಪಿಗೆ ದೊಡ್ಡ ಪಿ ಬೇಕು. ಎಸ್‌ಸಿಪಿಯಲ್ಲಿ ಚಿಕ್ಕ ಪಿ ಎಂದರೆ ಫೈಲಿನ ಸಮಯ ಮತ್ತು ಅನುಮತಿಗಳನ್ನು ಇದ್ದ ಹಾಗೆ ಉಳಿಸು ಎಂದರ್ಥ. ಇನ್ನು ಎರಡು ಅಡ್ಡಗೆರೆ ಮಾತ್ರ ಒಂಟಿಯಾಗಿ ಬಂದರೆ "ಆಯ್ಕೆಗಳು ಇಲ್ಲಿಗೆ ಮುಗಿದವು" ಎಂಬ ಸೂಚನೆ. ಹೆಸರೇ ಅಡ್ಡಗೆರೆಯಿಂದ ಶುರುವಾಗುವ ಫೈಲನ್ನು ಅಳಿಸಲು ಇದು ಬೇಕಾಗುತ್ತದೆ.

ಪ್ರತಿಸಲ ಇಷ್ಟುದ್ದ ಟೈಪ್ ಮಾಡುವುದರ ಬದಲು ಒಂದು ಕಡೆ ಬರೆದಿಟ್ಟರೆ ಸಾಲದೇ?

ಸಾಲುತ್ತದೆ, ಕಾನ್ಫಿಗ್ ಫೈಲು ಇರುವುದೇ ಅದಕ್ಕೆ. ಎಸ್‌ಎಸ್‌ಎಚ್‌ನ ವಿಷಯದಲ್ಲಿ ನಿಮ್ಮ ಮನೆ ಫೋಲ್ಡರಿನೊಳಗಿನ .ಎಸ್‌ಎಸ್‌ಎಚ್ ಎಂಬ ಫೋಲ್ಡರಿನಲ್ಲಿ ಕಾನ್ಫಿಗ್ ಎಂಬ ಫೈಲು ಮಾಡಿ ಹೀಗೆ ಬರೆಯಬಹುದು:

```
ಹೋಸ್ಟ್ ಲೈಬ್ರರಿ
    ಹೋಸ್ಟ್‌ನೇಮ್ 192.0.2.15
    ಯೂಸರ್ ಅಡ್ಮಿನ್
    ಪೋರ್ಟ್ 2222

ಹೋಸ್ಟ್ *
    ಸರ್ವರ್‌ಅಲೈವ್‌ಇಂಟರ್ವಲ್ 60
```

ಆಮೇಲೆ "ಎಸ್‌ಎಸ್‌ಎಚ್ ಲೈಬ್ರರಿ" ಎಂದರೆ ಮುಗಿಯಿತು. ಎಸ್‌ಸಿಪಿ, ಫೈಲುಗಳನ್ನು ನಕಲಿಸುವ ಆರ್‌ಸಿಂಕ್, ಬದಲಾವಣೆಗಳ ದಾಖಲೆ ಇಡುವ ಗಿಟ್ ಕೂಡ ಎಸ್‌ಎಸ್‌ಎಚ್ ಮೂಲಕ ಹೋಗುವಾಗ ಇದೇ ಫೈಲನ್ನು ಓದಿಕೊಳ್ಳುವುದರಿಂದ ದೊಡ್ಡ ಪಿ, ಚಿಕ್ಕ ಪಿ ಎಂಬ ಗೊಂದಲವೂ ತಪ್ಪುತ್ತದೆ. ಈ ಫೈಲನ್ನು ಬೇರೆ ಬಳಕೆದಾರರು ತಿದ್ದುವಂತಿದ್ದರೆ ಎಸ್‌ಎಸ್‌ಎಚ್ ಅದನ್ನು ನಿರಾಕರಿಸುತ್ತದೆ. ಖಾಸಗಿ ಕೀಲಿಯ ಫೈಲನ್ನಾದರೆ ಬೇರೆಯವರು ಓದುವಂತಿದ್ದರೂ ಒಪ್ಪುವುದಿಲ್ಲ. ಎರಡಕ್ಕೂ 600 ಅನುಮತಿ, ಅಂದರೆ ಒಡೆಯ ಮಾತ್ರ ಓದಿ ಬರೆಯುವ ಅನುಮತಿ, ಕೊಡಿ.

ಎಲ್ಲವನ್ನೂ ಫೈಲಿಗೆ ತುಂಬಬಾರದು ಎಂಬುದನ್ನೂ ಹೇಳಬೇಕು. ಯಾವತ್ತೂ ಬದಲಾಗದ್ದು ಫೈಲಿಗೆ, ಯಂತ್ರದಿಂದ ಯಂತ್ರಕ್ಕೆ ಬದಲಾಗುವುದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಕಮಾಂಡುಗಳು ತಮ್ಮ ಸುತ್ತಲಿನಿಂದ ಓದಿಕೊಳ್ಳುವ ಹೆಸರಿಟ್ಟ ಸೆಟ್ಟಿಂಗ್), ಇವತ್ತಿಗೆ ಮಾತ್ರ ಬೇಕಾದದ್ದು ಕಮಾಂಡಿನ ಆಯ್ಕೆಗೆ. ಅಳಿಸುವ, ಒತ್ತಾಯದಿಂದ ನಡೆಸುವ ಆಯ್ಕೆಗಳನ್ನು ಫೈಲಿನಲ್ಲಿ ಖಾಯಂ ಮಾಡಬೇಡಿ. ಅವನ್ನು ಟೈಪ್ ಮಾಡುವ ಹೊತ್ತಿನಷ್ಟಾದರೂ ಯೋಚನೆಗೆ ಎಡೆ ಇರಲಿ.

ಮ್ಯಾನ್ ಪುಟ ತೆಗೆದರೆ ಬೇರೆಯೇ ಏನೋ ಬರುತ್ತದೆ. ಕಾನ್ಫಿಗ್ ಫೈಲಿನ ವಿವರ ಎಲ್ಲಿದೆ?

ಮ್ಯಾನ್ ಪುಟಗಳಿಗೆ, ಅಂದರೆ ಯಂತ್ರದಲ್ಲೇ ಇರುವ ಕೈಪಿಡಿಗೆ, ವಿಭಾಗ ಸಂಖ್ಯೆಗಳಿವೆ. 1ರಲ್ಲಿ ಸಾಮಾನ್ಯ ಕಮಾಂಡುಗಳು, 5ರಲ್ಲಿ ಫೈಲುಗಳ ಸ್ವರೂಪ, 8ರಲ್ಲಿ ಆಡಳಿತದ ಕಮಾಂಡುಗಳು ಇರುತ್ತವೆ. "ಮ್ಯಾನ್ ಕ್ರಾನ್‌ಟ್ಯಾಬ್" ಎಂದರೆ ಕಮಾಂಡಿನ ಪುಟ ಬರುತ್ತದೆ, "ಮ್ಯಾನ್ 5 ಕ್ರಾನ್‌ಟ್ಯಾಬ್" ಎಂದರೆ ಫೈಲಿನ ಪುಟ ಬರುತ್ತದೆ.

ಒಂದೇ ಸಂಗತಿಯನ್ನು ಎರಡು ಕಡೆ ಬೇರೆಬೇರೆ ಬರೆದಿದ್ದೇನೆ. ಯಾವುದು ನಡೆಯುತ್ತದೆ?

ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಕೊನೆಗೆ ಇಲ್ಲಿಗೇ ಬಂದು ಮುಟ್ಟುತ್ತವೆ. ಕಮಾಂಡಿನ ಆಯ್ಕೆ ಎಲ್ಲಕ್ಕಿಂತ ಮೇಲು, ಅದರ ಕೆಳಗೆ ಎನ್ವಿರಾನ್‌ಮೆಂಟ್ ವೇರಿಯಬಲ್, ಅದರ ಕೆಳಗೆ ಬಳಕೆದಾರರ ಫೈಲು, ತಳದಲ್ಲಿ ಇಡೀ ಯಂತ್ರದ ಸೆಟ್ಟಿಂಗುಗಳಿರುವ ಇಟಿಸಿ ಫೋಲ್ಡರಿನ ಫೈಲು ಎಂಬುದು ಸಾಮಾನ್ಯ ಕ್ರಮ. ಆದರೆ ಫೈಲುಗಳ ನಡುವೆ, ಫೈಲಿನ ಸಾಲುಗಳ ನಡುವೆ ಯಾರು ಗೆಲ್ಲುತ್ತಾರೆ ಎಂಬುದಕ್ಕೆ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ನ್ಯಾಯ.

ಓಪನ್‌ಎಸ್‌ಎಸ್‌ಎಚ್‌ನಲ್ಲಿ, ಅಂದರೆ ನಾವು ಬಳಸುವ ಎಸ್‌ಎಸ್‌ಎಚ್‌ನಲ್ಲಿ, ಒಂದು ಸೆಟ್ಟಿಂಗಿಗೆ ಮೊದಲು ಸಿಕ್ಕಿದ ಬೆಲೆಯೇ (ವ್ಯಾಲ್ಯೂ) ಅಂತಿಮ. ಆದ್ದರಿಂದಲೇ ಮೇಲಿನ ಉದಾಹರಣೆಯಲ್ಲಿ "ಹೋಸ್ಟ್ *" ಎಂಬ ಎಲ್ಲರಿಗೂ ಅನ್ವಯಿಸುವ ಭಾಗವನ್ನು ಕೊನೆಯಲ್ಲಿ ಇಟ್ಟದ್ದು. ಅದನ್ನು ತಲೆಯ ಮೇಲೆ ಇಟ್ಟು ಅದರಲ್ಲೊಂದು ಪೋರ್ಟ್ ಬರೆದರೆ ಕೆಳಗಿನ 2222ಕ್ಕೆ ಯಾವ ಬೆಲೆಯೂ ಇರುವುದಿಲ್ಲ. ಯಂತ್ರದ ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯಲ್ಲಿ ಇದು ತಲೆಕೆಳಗು: ಸಾಮಾನ್ಯ ಸೆಟ್ಟಿಂಗುಗಳಲ್ಲಿ ಕೊನೆಗೆ ಓದಿದ್ದು ಹಿಂದಿನದನ್ನು ಅಳಿಸುತ್ತದೆ. ಹಲವು ಸರ್ವರ್‌ಗಳನ್ನು ಒಂದೇ ಕಡೆಯಿಂದ ಹೊಂದಿಸುವ ಆನ್ಸಿಬಲ್‌ನದು ಮೂರನೆಯ ದಾರಿ. ಅದು ಹಲವು ಜಾಗಗಳಲ್ಲಿ ಫೈಲು ಹುಡುಕುತ್ತದೆ, ಮೊದಲು ಸಿಕ್ಕಿದ ಒಂದೇ ಫೈಲನ್ನು ಇಡಿಯಾಗಿ ಒಪ್ಪಿಕೊಂಡು ಉಳಿದವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ನೀವು ಕೈಯಾರೆ ತಿದ್ದಿದ ಮುಖ್ಯ ಫೈಲಿಗಿಂತ, ಆಲ್ಟರ್ ಸಿಸ್ಟಮ್ ಎಂಬ ಆದೇಶದಿಂದ ಬರೆಯಲ್ಪಡುವ ಆಟೋ ಫೈಲು ಮೇಲು.

ಇವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಎಲ್ಲ ಫೈಲುಗಳನ್ನೂ ಓದಿದ ಮೇಲೆ ಕಟ್ಟಕಡೆಗೆ ಏನು ತೀರ್ಮಾನವಾಯಿತು ಎಂದು ಆಯಾ ತಂತ್ರಾಂಶವನ್ನೇ ಕೇಳಬಹುದು. "ಎಸ್‌ಎಸ್‌ಎಚ್ -ಜಿ ಲೈಬ್ರರಿ", ಇಲ್ಲಿ ಜಿ ದೊಡ್ಡದು, ಎಂದು ಕೊಟ್ಟರೆ ಸಂಪರ್ಕ ಮಾಡದೆಯೇ ಅಂತಿಮ ಸೆಟ್ಟಿಂಗುಗಳನ್ನು ಸಾಲುಸಾಲಾಗಿ ತೋರಿಸುತ್ತದೆ. ಸರ್ವರ್‌ನ ಕಡೆ ಎಸ್‌ಎಸ್‌ಎಚ್ ಸೇವೆ ನಡೆಸುವ ತಂತ್ರಾಂಶ ಎಸ್‌ಎಸ್‌ಎಚ್‌ಡಿ, ಅದನ್ನು "ಎಸ್‌ಎಸ್‌ಎಚ್‌ಡಿ -ಟಿ" ಎಂದು ದೊಡ್ಡ ಟಿ ಕೊಟ್ಟು ಕೇಳಬೇಕು. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ಗೂ ದೊಡ್ಡ ಟಿಯೇ. ಸಿಸ್ಟಮ್‌ಡಿಗೆ "ಸಿಸ್ಟಮ್‌ಸಿಟಿಎಲ್ ಕ್ಯಾಟ್", ಆನ್ಸಿಬಲ್‌ಗೆ "ಆನ್ಸಿಬಲ್-ಕಾನ್ಫಿಗ್ ಡಂಪ್ --ಓನ್ಲಿ-ಚೇಂಜ್ಡ್", ಗಿಟ್‌ಗೆ "ಗಿಟ್ ಕಾನ್ಫಿಗ್ --ಲಿಸ್ಟ್ --ಶೋ-ಒರಿಜಿನ್". ಪೋಸ್ಟ್‌ಗ್ರೆಸ್‌ನ ಪಿಜಿ_ಸೆಟ್ಟಿಂಗ್ಸ್ ಎಂಬ ನೋಟವಂತೂ ಫೈಲಿನ ಹೆಸರು, ಸಾಲಿನ ಸಂಖ್ಯೆಯ ಸಮೇತ ಉತ್ತರ ಕೊಡುತ್ತದೆ. ನನಗೆ ಫೋನ್ ಮಾಡುವ ಮೊದಲು ಈ ಒಂದು ಕಮಾಂಡಿನ ಉತ್ತರವನ್ನು ಎದುರಿಗೆ ಇಟ್ಟುಕೊಂಡರೆ ಬಹಳ ಸಲ ಫೋನೇ ಬೇಕಾಗುವುದಿಲ್ಲ.

ವಾಟ್ಸಾಪಿನಲ್ಲಿ ಬಂದ ಕಮಾಂಡನ್ನು ಹಾಗೆಯೇ ಅಂಟಿಸಿದೆ. ಕಣ್ಣಿಗೆ ಸರಿ ಕಾಣುತ್ತದೆ, ಆದರೂ ತಪ್ಪು ಎನ್ನುತ್ತದೆ. ಎಂತಕ್ಕೆ?

ಕಣ್ಣಿಗೆ ಕಾಣದ್ದು ಅದರಲ್ಲಿ ಇದೆ. ಫೋನು ಮತ್ತು ವರ್ಡ್ ಪ್ರೊಸೆಸರ್‌ಗಳು ಎರಡು ಅಡ್ಡಗೆರೆಗಳನ್ನು ಸೇರಿಸಿ ಒಂದು ಉದ್ದಗೆರೆ ಮಾಡುತ್ತವೆ, ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತವೆ. ಕಮಾಂಡನ್ನು ಓದಿ ನಡೆಸುವ ಶೆಲ್‌ಗೆ ಈ ಎರಡರ ಪರಿಚಯವೂ ಇಲ್ಲ.

ಕನ್ನಡದವರಿಗೆ ಇದರ ಮೇಲೆ ಇನ್ನೊಂದು ತೊಡಕು ಇದೆ. "ಸರ್ವರ್‌ನಲ್ಲಿ" ಎಂಬಂತಹ ಪದದಲ್ಲಿ ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟದಂತೆ ತಡೆಯಲು ಯೂನಿಕೋಡ್‌ನ 200ಸಿ ಎಂಬ ಅಗೋಚರ ಅಕ್ಷರವನ್ನು ನಾವು ಬಳಸುತ್ತೇವೆ. ಕನ್ನಡ ವಾಕ್ಯದ ನಡುವಿನಿಂದ ಕಮಾಂಡೊಂದನ್ನು ನಕಲು ಮಾಡುವಾಗ ಅದೂ ಬಾಲದಂತೆ ಹಿಂಬಾಲಿಸಿ ಬರುವುದುಂಟು. ಫೈಲಿನಲ್ಲಿ ಅದು ಇದೆಯೇ ಎಂದು ನೋಡಲು "ಕ್ಯಾಟ್ -ಎ" ಎಂದು ದೊಡ್ಡ ಎ ಕೊಟ್ಟು ನೋಡಿ. ಎಮ್ ಅಕ್ಷರಗಳ ಒಂದು ವಿಚಿತ್ರ ಸಾಲು ಕಂಡರೆ ಅಲ್ಲಿ ಕಳ್ಳ ಕೂತಿದ್ದಾನೆಂದು ತಿಳಿಯಿರಿ. ಸಾಲಿನ ಕೊನೆಗೆ ಡಾಲರ್ ಚಿಹ್ನೆಯ ಮುಂಚೆ ಟೋಪಿ ಚಿಹ್ನೆ ಮತ್ತು ಎಮ್ ಕಂಡರೆ ಆ ಫೈಲು ವಿಂಡೋಸ್‌ನ ನೋಟ್‌ಪ್ಯಾಡ್‌ನಿಂದ ಬಂದದ್ದು, ಡಾಸ್2ಯುನಿಕ್ಸ್ ಎಂಬ ಕಮಾಂಡು ಅದನ್ನು ಸರಿಪಡಿಸುತ್ತದೆ. ಪೋರ್ಟ್ ಸಂಖ್ಯೆಯನ್ನು ೨೨ ಎಂದು ಕನ್ನಡ ಅಂಕಿಯಲ್ಲಿ ಬರೆದವರನ್ನೂ ನೋಡಿದ್ದೇನೆ. ಅಭಿಮಾನ ಮೆಚ್ಚತಕ್ಕದ್ದೇ, ಆದರೆ ಎಸ್‌ಎಸ್‌ಎಚ್‌ಗೆ ಅದು ಸಂಖ್ಯೆ ಅಲ್ಲ.

ಕಾನ್ಫಿಗ್ ಫೈಲಿನಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆಯಬಹುದೇ?

ಧಾರಾಳವಾಗಿ ಬರೆಯಬಹುದು, ಬರೆಯಲೂ ಬೇಕು. ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ, ಟಿಪ್ಪಣಿಯನ್ನು ಪ್ರತ್ಯೇಕ ಸಾಲಿನಲ್ಲಿ ಹ್ಯಾಶ್ ಚಿಹ್ನೆಯಿಂದ ಶುರು ಮಾಡಿ. ಸೆಟ್ಟಿಂಗಿನ ಸಾಲಿನ ಕೊನೆಯಲ್ಲೇ ಟಿಪ್ಪಣಿ ಸೇರಿಸುವ ಅಭ್ಯಾಸ ಬೇಡ: ಸಿಸ್ಟಮ್‌ಡಿ ಅದನ್ನು ಬೆಲೆಯ ಭಾಗವೆಂದೇ ಓದುತ್ತದೆ, ಆನ್ಸಿಬಲ್‌ನ ಫೈಲಿನಲ್ಲಿ ಸಾಲಿನ ಮಧ್ಯೆ ಅರ್ಧವಿರಾಮ ಚಿಹ್ನೆಗೆ ಮಾತ್ರ ಆ ಅಧಿಕಾರ. ಫೈಲುಗಳ ಹೆಸರು ಮಾತ್ರ ರೋಮನ್ ಅಕ್ಷರದಲ್ಲೇ ಇರಲಿ.

ಲ್ಯಾಪ್‌ಟಾಪಿನ ಭಾಷೆ ಕನ್ನಡ ಮಾಡಿದ ಮೇಲೆ ಸರ್ವರ್‌ಗೆ ಹೋದಾಗಲೆಲ್ಲ ಪರ್ಲ್ ಎಚ್ಚರಿಕೆಗಳು ಬರುತ್ತವೆ. ಕನ್ನಡವನ್ನು ಬಿಟ್ಟುಬಿಡಬೇಕೇ?

ಬಿಡಬೇಕಾಗಿಲ್ಲ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಎಸ್‌ಎಸ್‌ಎಚ್ ಭಾಷೆಯನ್ನು ಸೂಚಿಸುವ ನಿಮ್ಮ ಲ್ಯಾಂಗ್ ಮತ್ತು ಎಲ್‌ಸಿ ವೇರಿಯಬಲ್‌ಗಳನ್ನು ಸರ್ವರ್‌ಗೆ ಕಳಿಸುವಂತೆ ಮೊದಲೇ ಹೊಂದಿಸಲಾಗಿದೆ, ಸರ್ವರ್ ಅವನ್ನು ಸ್ವೀಕರಿಸುವಂತೆಯೂ ಹೊಂದಿಸಲಾಗಿದೆ. ನಿಮ್ಮ ಯಂತ್ರ ಕೆಎನ್_ಐಎನ್ ಎಂದು ಕಳಿಸುತ್ತದೆ; ಬಾಡಿಗೆಗೆ ಪಡೆದ ಸರ್ವರ್‌ನಲ್ಲಿ ಆ ಲೊಕೇಲ್ (ಭಾಷೆ ಮತ್ತು ಪ್ರದೇಶದ ಹೊಂದಿಕೆ) ತಯಾರಾಗಿರುವುದಿಲ್ಲ; ಹಾಗಾಗಿ ಲೊಕೇಲ್ ಹೊಂದಿಸಲು ಆಗಲಿಲ್ಲವೆಂದು ಪರ್ಲ್ ಗೊಣಗುತ್ತದೆ. ಸರ್ವರ್ ನಿಮ್ಮದೇ ಆಗಿದ್ದರೆ ಇಟಿಸಿಯ ಲೊಕೇಲ್.ಜೆನ್ ಫೈಲಿನಲ್ಲಿ ಕನ್ನಡದ ಸಾಲಿನ ಮುಂದಿನ ಹ್ಯಾಶ್ ತೆಗೆದು "ಲೊಕೇಲ್-ಜೆನ್" ನಡೆಸಿದರೆ ಸಾಕು. ಬೇರೆಯವರದ್ದಾದರೆ ನಿಮ್ಮ ಎಸ್‌ಎಸ್‌ಎಚ್ ಕಾನ್ಫಿಗ್‌ನ ಆ ಹೋಸ್ಟ್ ಭಾಗದಲ್ಲಿ ಸೆಟ್‌ಎನ್ವ್ ಬಳಸಿ ಎಲ್‌ಸಿ_ಆಲ್‌ಗೆ ಸಿ.ಯುಟಿಎಫ್-8 ಎಂಬ ಬೆಲೆ ಕೊಡಿ. ಈ ಸೌಲಭ್ಯ 2018ರ ಓಪನ್‌ಎಸ್‌ಎಸ್‌ಎಚ್ 7.8ರಲ್ಲಿ ಬಂತು.

ಇಲ್ಲಿಯೂ ಮೇಲುಕೀಳಿನ ಕ್ರಮ ಇದೆ. ಎಲ್‌ಸಿ_ಆಲ್ ಎಲ್ಲವನ್ನೂ ಮೀರುತ್ತದೆ, ಅದರ ನಂತರ ಎಲ್‌ಸಿ_ಟೈಮ್‌ನಂತಹ ಬಿಡಿ ವಿಭಾಗಗಳು, ಏನೂ ಇಲ್ಲದಿದ್ದರೆ ಲ್ಯಾಂಗ್. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಬರವಣಿಗೆಗೆ ಕನ್ನಡ ಎಂದು ಬದುಕುವ ನಮ್ಮೂರಿನವರಿಗೆ ಸಂದೇಶಕ್ಕೊಂದು, ದಿನಾಂಕಕ್ಕೊಂದು ಭಾಷೆ ಇಡುವ ಈ ಏರ್ಪಾಡು ವಿಚಿತ್ರವೆನಿಸಲಾರದು. ಆದರೆ ದಿನಾಂಕವನ್ನು ಓದಿ ಕತ್ತರಿಸುವ ಸ್ಕ್ರಿಪ್ಟುಗಳ ಮೊದಲ ಸಾಲಿನಲ್ಲೇ ಎಲ್‌ಸಿ_ಆಲ್ ಅನ್ನು ಸಿ ಎಂದು ಹೊಂದಿಸಿಬಿಡಿ. ಇಲ್ಲವಾದರೆ ಕನ್ನಡ ಲೊಕೇಲ್‌ನಲ್ಲಿ ತಿಂಗಳ ಹೆಸರು ಕನ್ನಡದಲ್ಲಿ ಬಂದು ಸ್ಕ್ರಿಪ್ಟು ಕಂಗಾಲಾಗುತ್ತದೆ.

## ನಿತ್ಯದ ತೊಂದರೆಗಳು

ಫೈಲು ತಿದ್ದಿದೆ, ಉಳಿಸಿದೆ, ರೀಸ್ಟಾರ್ಟ್ ಸಹ ಮಾಡಿದೆ. ಪಾಸ್‌ವರ್ಡ್ ಲಾಗಿನ್ ಇನ್ನೂ ನಿಂತಿಲ್ಲ!

ನೀವು ತಿದ್ದಿದ ಫೈಲಿಗಿಂತ ಮೊದಲೇ ಇನ್ನೊಂದು ಫೈಲು ಮಾತಾಡಿ ಆಗಿದೆ. 2020ರ ಓಪನ್‌ಎಸ್‌ಎಸ್‌ಎಚ್ 8.2ರಿಂದ ಎಸ್‌ಎಸ್‌ಎಚ್‌ಡಿಯ ಕಾನ್ಫಿಗ್‌ನಲ್ಲಿ ಇನ್‌ಕ್ಲೂಡ್ ಎಂಬ ಸಾಲು ಬರೆಯಬಹುದಾಗಿದೆ. ಉಬುಂಟು ಮತ್ತು ಡೆಬಿಯನ್ ಈ ಸಾಲನ್ನು ಮುಖ್ಯ ಫೈಲಿನ ತಲೆಯಲ್ಲೇ ಇಟ್ಟು, ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಎಂಬ ಫೋಲ್ಡರಿನ ಫೈಲುಗಳನ್ನು ಮೊದಲು ಓದಿಸುತ್ತವೆ. ಬಾಡಿಗೆ ಸರ್ವರ್‌ಗಳಲ್ಲಿ ಕ್ಲೌಡ್-ಇನಿಟ್ ಎಂಬ ತಂತ್ರಾಂಶ ಅಲ್ಲಿ 50ರಿಂದ ಶುರುವಾಗುವ ಹೆಸರಿನ ಫೈಲೊಂದನ್ನು ಬರೆದಿಟ್ಟು, ಅದರಲ್ಲಿ ಪಾಸ್‌ವರ್ಡ್ ಲಾಗಿನ್‌ಗೆ "ಯೆಸ್" ಎಂದಿರುವುದು ಸಾಮಾನ್ಯ. ಮೊದಲು ಸಿಕ್ಕಿದ್ದೇ ಗೆಲ್ಲುವುದರಿಂದ ಮುಖ್ಯ ಫೈಲಿನಲ್ಲಿ ನೀವು ಬರೆದ "ನೋ" ಕೆಲಸಕ್ಕೆ ಬರುವುದಿಲ್ಲ.

ಬೇರೆ ತಂತ್ರಾಂಶಗಳ ಅಭ್ಯಾಸದಿಂದ 99 ಎಂದು ಹೆಸರಿಟ್ಟು ಹೊಸ ಫೈಲು ಮಾಡಿದರೂ ಪ್ರಯೋಜನವಿಲ್ಲ, ಅದು ಸರದಿಯ ಕೊನೆಗೆ ಹೋಗಿ ನಿಲ್ಲುತ್ತದೆ. ಹೆಸರು 10ರಿಂದ ಶುರುವಾಗಲಿ. ಬರೆದ ಮೇಲೆ ದೊಡ್ಡ ಟಿ ಕೊಟ್ಟ "ಎಸ್‌ಎಸ್‌ಎಚ್‌ಡಿ -ಟಿ"ಯ ಉತ್ತರದಲ್ಲಿ ಪಾಸ್‌ವರ್ಡ್‌ನ ಸಾಲನ್ನು ಹುಡುಕಿ ನೋಡಿ, ಆಮೇಲೆ ರೀಲೋಡ್ ಮಾಡಿ.

ಪೋರ್ಟ್ 2222 ಎಂದು ಬರೆದರೂ ಹೊಸ ಉಬುಂಟುವಿನಲ್ಲಿ 22ರಲ್ಲೇ ಕೂತಿದೆ. ಎಂತ ಮಾಡುವುದು?

ಉಬುಂಟು 22.10ರಿಂದ ಈಚೆಗೆ ಪೋರ್ಟಿನಲ್ಲಿ ಕಿವಿಗೊಟ್ಟು ಕೂರುವುದು ಎಸ್‌ಎಸ್‌ಎಚ್‌ಡಿ ಅಲ್ಲ, ಸಿಸ್ಟಮ್‌ಡಿಯ ಸಾಕೆಟ್ ಘಟಕ. ಆದ್ದರಿಂದ ಎಸ್‌ಎಸ್‌ಎಚ್ ಸೇವೆಯನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಪೋರ್ಟ್ ಬದಲಾಗದು. 24.04ರಲ್ಲಿ "ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್" ಮಾಡಿ, ನಂತರ ಎಸ್‌ಎಸ್‌ಎಚ್.ಸಾಕೆಟ್ ಅನ್ನು ರೀಸ್ಟಾರ್ಟ್ ಮಾಡಿ. ಅದಕ್ಕೂ ಮೊದಲು ಫೈರ್‌ವಾಲ್‌ನಲ್ಲಿ ಹೊಸ ಪೋರ್ಟನ್ನು ತೆರೆದಿರಬೇಕು.

ಕೈಯಲ್ಲಿ ನಡೆಸಿದರೆ ಬ್ಯಾಕಪ್ ಆಗುತ್ತದೆ, ಕ್ರಾನ್‌ಗೆ ಕೊಟ್ಟರೆ ಆಗುವುದಿಲ್ಲ. ಸ್ಕ್ರಿಪ್ಟು ಒಂದೇ ಅಲ್ಲವೇ?

ಸ್ಕ್ರಿಪ್ಟು ಒಂದೇ, ಅದರ ಸುತ್ತಲಿನ ವಾತಾವರಣ ಬೇರೆ. ನೀವು ಲಾಗಿನ್ ಆದಾಗ ಪ್ರೊಫೈಲ್, ಬ್ಯಾಶ್‌ಆರ್‌ಸಿ ಮುಂತಾದ ಫೈಲುಗಳು ಹಲವು ವೇರಿಯಬಲ್‌ಗಳನ್ನು ಕಟ್ಟಿಕೊಡುತ್ತವೆ. ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ಕ್ರಾನ್ ಅವನ್ನು ಓದುವುದಿಲ್ಲ. ಡೆಬಿಯನ್ ಬಳಗದಲ್ಲಿ ಬಳಕೆದಾರರ ಕ್ರಾನ್‌ಗೆ ಸಿಗುವ ಪಾತ್ (ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಎಂದರೆ ಯುಎಸ್‌ಆರ್‌ನೊಳಗಿನ ಬಿನ್ ಮತ್ತು ಬರೀ ಬಿನ್, ಎರಡೇ ಫೋಲ್ಡರು. ಶೆಲ್ ಕೂಡ ಬ್ಯಾಶ್ ಅಲ್ಲ, ಎಸ್‌ಎಚ್. ಕ್ರಾನ್‌ನ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್‌ನ ಮೇಲ್ಭಾಗದಲ್ಲೇ ಪಾತ್ ಮತ್ತು ಶೆಲ್ ಬರೆದುಬಿಡಿ. ಬ್ಯಾಕಪ್ ಫೈಲಿನ ಹೆಸರಿಗೆ ದಿನಾಂಕ ಸೇರಿಸಲು ಶೇಕಡಾ ಚಿಹ್ನೆ ಬಳಸಿದ್ದರೆ ಅದರ ಹಿಂದೆ ಹಿಮ್ಮುಖ ಓರೆಗೆರೆ ಇಡಬೇಕು, ಇಲ್ಲದಿದ್ದರೆ ಕ್ರಾನ್ ಅಲ್ಲಿಗೇ ಸಾಲು ಮುಗಿಯಿತೆಂದು ತಿಳಿಯುತ್ತದೆ. ಇಟಿಸಿಯ ಕ್ರಾನ್.ಡಿ ಫೋಲ್ಡರಿನಲ್ಲಿ ಫೈಲಿನ ಹೆಸರಿಗೆ ಚುಕ್ಕಿ ಇದ್ದರೆ ಡೆಬಿಯನ್‌ನ ಕ್ರಾನ್ ಅದನ್ನು ಮೌನವಾಗಿ ಬಿಟ್ಟುಬಿಡುತ್ತದೆ, ಬ್ಯಾಕಪ್.ಎಸ್‌ಎಚ್ ಎಂಬ ಹೆಸರಿಗೆ ಅಲ್ಲಿ ಪ್ರವೇಶವಿಲ್ಲ.

ಸುಡೋ ಹಾಕಿದ ಕೂಡಲೇ ನನ್ನ ವೇರಿಯಬಲ್‌ಗಳೆಲ್ಲ ಮಾಯ. ಇದು ದೋಷವೋ?

ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಸಾಮಾನ್ಯ ಬಳಕೆದಾರನೊಬ್ಬ ತನ್ನ ವೇರಿಯಬಲ್‌ಗಳ ಮೂಲಕ ರೂಟ್ ಎಂಬ ಸರ್ವಾಧಿಕಾರದ ಬಳಕೆದಾರನ ಕಮಾಂಡನ್ನು ದಾರಿ ತಪ್ಪಿಸಬಾರದೆಂದು, ಕಮಾಂಡನ್ನು ರೂಟ್ ಆಗಿ ನಡೆಸಿಕೊಡುವ ಸುಡೋ ಎನ್ವಿರಾನ್‌ಮೆಂಟನ್ನು ತೊಳೆದು ಹೊಸದು ಕೊಡುತ್ತದೆ. ಒಂದು ವೇರಿಯಬಲ್ ಖಂಡಿತ ಬೇಕೆಂದಿದ್ದರೆ ಸುಡೋಯರ್ಸ್ ಎಂಬ ಅದರ ಕಾನ್ಫಿಗ್ ಫೈಲಿನಲ್ಲಿ ಎನ್ವ್_ಕೀಪ್ ಮೂಲಕ ಅದೊಂದನ್ನು ಮಾತ್ರ ಅನುಮತಿಸಿ. ಸುಡೋಯರ್ಸ್.ಡಿ ಫೋಲ್ಡರಿನಲ್ಲೂ ಚುಕ್ಕಿ ಇರುವ ಹೆಸರುಗಳಿಗೆ ಕ್ರಾನ್.ಡಿಯ ಗತಿಯೇ. ತಿದ್ದುವುದನ್ನು ಯಾವಾಗಲೂ ವಿಸುಡೋ ಮೂಲಕವೇ ಮಾಡಿ, ಅದು ವ್ಯಾಕರಣ ತಪ್ಪಿದ ಫೈಲನ್ನು ಉಳಿಸುವ ಮೊದಲೇ ಎಚ್ಚರಿಸುತ್ತದೆ.

ಮಳೆಗಾಲದಲ್ಲಿ ಲೈನ್ ಕಡಿಯುತ್ತಲೇ ಇರುತ್ತದೆ. ಟರ್ಮಿನಲ್ ಕಲ್ಲಿನ ಹಾಗೆ ನಿಂತುಬಿಡುತ್ತದಲ್ಲ?

ಆಟಿ ತಿಂಗಳಲ್ಲಿ ಕಂಗು ಮುರಿದು ತಂತಿಯ ಮೇಲೆ ಬೀಳುವುದನ್ನು ಯಾವ ಕಾನ್ಫಿಗ್ ಫೈಲೂ ತಡೆಯದು, ಆದರೆ ಪರಿಣಾಮವನ್ನು ಹಗುರ ಮಾಡಿಕೊಳ್ಳಬಹುದು. ಸರ್ವರ್‌ಅಲೈವ್‌ಇಂಟರ್ವಲ್‌ನ ಮೂಲ ಬೆಲೆ 0, ಅಂದರೆ ಆಚೆ ಬದಿ ಬದುಕಿದೆಯೇ ಎಂದು ಎಸ್‌ಎಸ್‌ಎಚ್ ಕೇಳುವುದೇ ಇಲ್ಲ. ಅದನ್ನು 60 ಮಾಡಿದರೆ ನಿಮಿಷಕ್ಕೊಮ್ಮೆ ಕೇಳುತ್ತದೆ, ಮೂರು ಸಲ ಉತ್ತರ ಬಾರದಿದ್ದರೆ ತಾನಾಗಿ ಸಂಪರ್ಕ ಬಿಡುತ್ತದೆ. ಈಗಾಗಲೇ ಕಲ್ಲಾಗಿ ನಿಂತ ಟರ್ಮಿನಲ್ಲನ್ನು ಬಿಡಿಸಲು ಎಂಟರ್ ಒತ್ತಿ, ಟಿಲ್ಡ (~) ಒತ್ತಿ, ಚುಕ್ಕಿ ಒತ್ತಿ. ಇವೆಲ್ಲ ನಿಮ್ಮ ಬದಿಯ ಉಪಶಮನ. ಸರ್ವರ್‌ನಲ್ಲಿ ನಡೆಯುತ್ತಿದ್ದ ಕೆಲಸ ನಿಲ್ಲಬಾರದೆಂದಿದ್ದರೆ ಅದನ್ನು ಸಂಪರ್ಕ ಕಡಿದರೂ ಕೆಲಸವನ್ನು ನಡೆಸುತ್ತಲೇ ಇರುವ ಟಿಮಕ್ಸ್‌ನ ಒಳಗೆ ಶುರು ಮಾಡಬೇಕು. ಅಪ್‌ಗ್ರೇಡ್‌ನಂತಹ ಉದ್ದದ ಕೆಲಸವನ್ನು ಜುಲೈಯಲ್ಲಿ ಟಿಮಕ್ಸ್ ಇಲ್ಲದೆ ನಡೆಸುವುದು ಈ ಊರಿನಲ್ಲಿ ಸಾಹಸವೇ ಸರಿ.

ಪಾಸ್‌ವರ್ಡನ್ನು ಎಲ್ಲಿ ಬರೆದಿಡುವುದು?

ಕಮಾಂಡಿನ ಆಯ್ಕೆಯಾಗಿ ಬರೆಯಲೇಬೇಡಿ. ಕಮಾಂಡು ನಡೆಯುತ್ತಿರುವಷ್ಟು ಹೊತ್ತು ಅದೇ ಯಂತ್ರದ ಬೇರೆ ಬಳಕೆದಾರರು ಪಿಎಸ್ ಎಂಬ ಕಮಾಂಡಿನಿಂದ ಅದನ್ನು ಸಾಮಾನ್ಯವಾಗಿ ಓದಬಹುದು, ಆಮೇಲೆ ಅದು ಶೆಲ್‌ನ ಹಿಸ್ಟರಿಯಲ್ಲೂ ಉಳಿಯುತ್ತದೆ. ಮೈಎಸ್‌ಕ್ಯೂಎಲ್‌ಗೆ .ಮೈ.ಸಿಎನ್‌ಎಫ್, ಪೋಸ್ಟ್‌ಗ್ರೆಸ್‌ಗೆ .ಪಿಜಿಪಾಸ್ ಎಂಬ ಫೈಲುಗಳಿವೆ. ಅನುಮತಿ 600 ಇರಲಿ, ಪೋಸ್ಟ್‌ಗ್ರೆಸ್ ಅಂತೂ ಸಡಿಲ ಅನುಮತಿಯ ಫೈಲನ್ನು ಮುಟ್ಟುವುದಿಲ್ಲ. ಆನ್ಸಿಬಲ್‌ನಲ್ಲಿ ಗುಟ್ಟುಗಳನ್ನು ಗೂಢಲಿಪಿಯಲ್ಲಿ ಇಡುವ ವಾಲ್ಟ್ ಬಳಸಿ.

## ಮುಂದುವರಿದವರಿಗೆ

ಸೇವೆಯ ಫೈಲನ್ನು ಲಿಬ್ ಫೋಲ್ಡರಿನಲ್ಲೇ ತಿದ್ದಿದ್ದೆ. ಅಪ್‌ಡೇಟ್ ಆದ ಮೇಲೆ ನನ್ನ ತಿದ್ದುಪಡಿ ಕಾಣೆಯಾಯಿತು.

ಯುಎಸ್‌ಆರ್‌ನ ಕೆಳಗಿನ ಸಿಸ್ಟಮ್‌ಡಿ ಫೈಲುಗಳು ಪ್ಯಾಕೇಜಿನ ಸ್ವತ್ತು, ಇಟಿಸಿಯ ಕೆಳಗಿನವು ನಿಮ್ಮವು. "ಸಿಸ್ಟಮ್‌ಸಿಟಿಎಲ್ ಎಡಿಟ್" ಎಂದು ಸೇವೆಯ ಹೆಸರು ಕೊಟ್ಟರೆ ಇಟಿಸಿಯಲ್ಲಿ ಓವರ್‌ರೈಡ್.ಕಾನ್ಫ್ ಎಂಬ ಪುಟ್ಟ ಫೈಲು ತೆರೆಯುತ್ತದೆ. ಬದಲಾಯಿಸಬೇಕಾದ ಸಾಲನ್ನು ಅದರ ವಿಭಾಗದ ತಲೆಬರಹದ ಸಮೇತ ಅಲ್ಲಿ ಬರೆದರೆ ಸಾಕು, ಇಡೀ ಫೈಲನ್ನು ನಕಲು ಮಾಡಬೇಕಾಗಿಲ್ಲ.

ಬಹಳ ಮಂದಿ ಎಡವುವುದು ಎಕ್ಸೆಕ್‌ಸ್ಟಾರ್ಟ್‌ನಲ್ಲಿ. ಅದು ಪಟ್ಟಿಯಂತಹ ಸೆಟ್ಟಿಂಗ್. ಹೊಸದನ್ನು ಬರೆದರೆ ಹಳೆಯದು ಹೋಗುವುದಿಲ್ಲ, ಎರಡೂ ಸೇರುತ್ತವೆ, ಒಂದಕ್ಕಿಂತ ಹೆಚ್ಚು ಎಕ್ಸೆಕ್‌ಸ್ಟಾರ್ಟ್ ಇರುವ ಸಾಮಾನ್ಯ ಸೇವೆಯನ್ನು ಸಿಸ್ಟಮ್‌ಡಿ ಶುರು ಮಾಡಲು ಒಪ್ಪುವುದಿಲ್ಲ. ಮೊದಲು ಬೆಲೆ ಇಲ್ಲದ ಖಾಲಿ ಎಕ್ಸೆಕ್‌ಸ್ಟಾರ್ಟ್ ಸಾಲು ಬರೆದು ಪಟ್ಟಿಯನ್ನು ಬರಿದು ಮಾಡಿ, ಕೆಳಗಿನ ಸಾಲಿನಲ್ಲಿ ಹೊಸದನ್ನು ಬರೆಯಬೇಕು. ಯಂತ್ರದಲ್ಲಿ ಎಲ್ಲೆಲ್ಲಿ ಇಂತಹ ತಿದ್ದುಪಡಿಗಳಿವೆ ಎಂದು "ಸಿಸ್ಟಮ್‌ಡಿ-ಡೆಲ್ಟಾ" ಹೇಳುತ್ತದೆ.

ಆನ್ಸಿಬಲ್‌ನಲ್ಲಿ -ಯು ಎಂದು ಬೇರೆ ಬಳಕೆದಾರನ ಹೆಸರು ಕೊಟ್ಟರೂ ಹಳೆಯ ಹೆಸರಿನಲ್ಲೇ ಹೋಗುತ್ತದೆ. ಕಮಾಂಡಿನ ಆಯ್ಕೆ ಎಲ್ಲಕ್ಕಿಂತ ಮೇಲು ಎಂದಿದ್ದಿರಿ!

ಸಾಮಾನ್ಯ ಕ್ರಮ ಎಂದಿದ್ದೆ. ಆನ್ಸಿಬಲ್ ಅದಕ್ಕೆ ಅಪವಾದ. ಅಲ್ಲಿ ಕಾನ್ಫಿಗ್ ಸೆಟ್ಟಿಂಗ್‌ಗಿಂತ ಕಮಾಂಡಿನ ಆಯ್ಕೆ ಮೇಲು, ಆಯ್ಕೆಗಿಂತ ಪ್ಲೇಬುಕ್‌ನ (ಮಾಡಬೇಕಾದ ಕೆಲಸಗಳನ್ನು ಬರೆದ ಫೈಲಿನ) ಕೀವರ್ಡ್ ಮೇಲು, ಕೀವರ್ಡ್‌ಗಿಂತ ವೇರಿಯಬಲ್ ಮೇಲು. ನಿಮ್ಮ ಸರ್ವರ್‌ಗಳ ಪಟ್ಟಿಯಾದ ಇನ್ವೆಂಟರಿಯಲ್ಲಿ ಆನ್ಸಿಬಲ್_ಯೂಸರ್ ಎಂಬ ವೇರಿಯಬಲ್ ಇದ್ದರೆ -ಯು ಸೋಲುತ್ತದೆ. ಎಲ್ಲವನ್ನೂ ಮೀರಬೇಕೆಂದಿದ್ದರೆ -ಇ ಮೂಲಕ ಆ ವೇರಿಯಬಲನ್ನೇ ಕೊಡಿ, ವೇರಿಯಬಲ್‌ಗಳ ಉದ್ದನೆಯ ಶ್ರೇಣಿಯಲ್ಲಿ ತುದಿಯಲ್ಲಿ ಕೂತಿರುವುದು ಅದೇ.

ಆನ್ಸಿಬಲ್.ಸಿಎಫ್‌ಜಿಯನ್ನು ಅದು ಹುಡುಕುವ ಕ್ರಮ ಹೀಗಿದೆ: ಮೊದಲು ಆನ್ಸಿಬಲ್_ಕಾನ್ಫಿಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ತೋರಿಸಿದ ಫೈಲು, ನಂತರ ನೀವು ನಿಂತಿರುವ ಫೋಲ್ಡರು, ನಂತರ ಮನೆ ಫೋಲ್ಡರು, ಕೊನೆಗೆ ಇಟಿಸಿ. ನೀವು ನಿಂತಿರುವ ಫೋಲ್ಡರನ್ನು ಎಲ್ಲರೂ ತಿದ್ದುವಂತಿದ್ದರೆ ಅಲ್ಲಿನ ಫೈಲನ್ನು ಎಚ್ಚರಿಕೆಯೊಂದಿಗೆ ತಿರಸ್ಕರಿಸುತ್ತದೆ. ವಿಂಡೋಸ್‌ನೊಳಗೆ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್‌ನಲ್ಲಿ ಸಿ ಡ್ರೈವಿನ ಒಳಗೆ ಕೆಲಸ ಮಾಡುವವರಿಗೆ ಹೀಗಾಗುವುದು ಹೆಚ್ಚು.

ಯಾಮಲ್‌ನಲ್ಲಿ 644 ಎಂದು ಬರೆದರೆ ಅನುಮತಿ ಏನೇನೋ ಆಗುತ್ತದೆ, ಯಾಕೆ?

ಉದ್ಧರಣ ಚಿಹ್ನೆ ಇಲ್ಲದ, ಮುಂದೆ ಸೊನ್ನೆಯೂ ಇಲ್ಲದ 644, ಆನ್ಸಿಬಲ್ ಫೈಲುಗಳ ಬರಹದ ಸ್ವರೂಪವಾದ ಯಾಮಲ್‌ಗೆ ದಶಮಾನ ಸಂಖ್ಯೆ; ಅದು ಅಷ್ಟಮಾನದಲ್ಲಿ 1204 ಆಗುತ್ತದೆ, ನಿಮ್ಮ ಫೈಲಿಗೆ ಬೀಳುವ ಅನುಮತಿ ಅದೇ. "0644" ಎಂದು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. 3.10 ಎಂಬ ಆವೃತ್ತಿ ಸಂಖ್ಯೆಯೂ ಚಿಹ್ನೆ ಇಲ್ಲದಿದ್ದರೆ 3.1 ಆಗಿಬಿಡುತ್ತದೆ.

ದೂರದ ಸರ್ವರ್‌ನ ಎಸ್‌ಎಸ್‌ಎಚ್ ಸೆಟ್ಟಿಂಗ್ ಮುಟ್ಟಲು ಭಯ. ಬಾಗಿಲು ಹಾಕಿಕೊಂಡು ಕೀಲಿ ಒಳಗೆ ಬಿಟ್ಟ ಹಾಗಾದರೆ?

ಭಯ ಸರಿಯಾದದ್ದೇ. ಪೆರ್ಲದ ಮನೆಯಲ್ಲಿ ಕೂತು ಮುಂಬಯಿಯ ಡೇಟಾ ಸೆಂಟರಿನಲ್ಲಿದ್ದ ಸರ್ವರ್‌ಗೆ, ಯಾರು ಒಳಗೆ ಬರಬಹುದೆಂದು ಹೇಳುವ ಅಲೋಯೂಸರ್ಸ್ ಎಂಬ ಸಾಲು ಸೇರಿಸುವಾಗ ನಾನು ನನ್ನದೇ ಬಳಕೆದಾರ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದೆ. ವ್ಯಾಕರಣದ ಪ್ರಕಾರ ಆ ಸಾಲು ಸರಿ ಇತ್ತು, ಆದ್ದರಿಂದ ಪರೀಕ್ಷೆಯೂ ಪಾಸಾಯಿತು. ರೀಸ್ಟಾರ್ಟ್ ಮಾಡಿ, ತೃಪ್ತಿಯಿಂದ ಲಾಗ್‌ಔಟ್ ಆಗಿ, ಮತ್ತೆ ಒಳಗೆ ಹೋಗಲು ಒಂದೂವರೆ ದಿನ ಹಿಡಿಯಿತು.

ಆವತ್ತಿನಿಂದ ಪಾಲಿಸುವ ಕ್ರಮ ಇದು. ತಿದ್ದಿದ ಮೇಲೆ "ಎಸ್‌ಎಸ್‌ಎಚ್‌ಡಿ" ಕಮಾಂಡಿಗೆ ಚಿಕ್ಕ ಟಿ ಕೊಟ್ಟು ವ್ಯಾಕರಣ ನೋಡುತ್ತೇನೆ, ದೊಡ್ಡ ಟಿ ಕೊಟ್ಟು ಅರ್ಥ ನೋಡುತ್ತೇನೆ. ರೀಲೋಡ್‌ನಿಂದ ಈಗಾಗಲೇ ಇರುವ ಸಂಪರ್ಕ ಕಡಿಯುವುದಿಲ್ಲವಾದ್ದರಿಂದ, ಹಳೆಯ ಕಿಟಕಿಯನ್ನು ಮುಚ್ಚದೆ ಇನ್ನೊಂದು ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ನೋಡುತ್ತೇನೆ. ಫೈರ್‌ವಾಲ್ ಕೂಡ ಒಳಗೊಂಡಿದ್ದರೆ ಇನ್ನೊಂದು ಜಾಗ್ರತೆ ಬೇಕು: ಹಳೆಯ ಫೈಲುಗಳನ್ನು ಮರಳಿ ಇಟ್ಟು ಸೇವೆಯನ್ನು ರೀಸ್ಟಾರ್ಟ್ ಮಾಡುವ ಪುಟ್ಟ ಸ್ಕ್ರಿಪ್ಟೊಂದನ್ನು ಬರೆದು, "ಸಿಸ್ಟಮ್‌ಡಿ-ರನ್"ಗೆ --ಆನ್-ಆಕ್ಟಿವ್ ಆಯ್ಕೆಯಲ್ಲಿ 10 ನಿಮಿಷ ಎಂದು ಕೊಟ್ಟು ಮೊದಲೇ ಸಜ್ಜಾಗಿಸುತ್ತೇನೆ. ಎಲ್ಲ ಸರಿಯಾದರೆ ಆ ಟೈಮರನ್ನು ನಿಲ್ಲಿಸಿದರಾಯಿತು. ನಾನು ಹೊರಗುಳಿದರೆ ಹತ್ತು ನಿಮಿಷದಲ್ಲಿ ಸರ್ವರ್ ತಾನೇ ಹಳೆಯ ಸ್ಥಿತಿಗೆ ಮರಳುತ್ತದೆ.

ಅಪ್‌ಗ್ರೇಡ್ ಮಾಡುವಾಗ ನಿಮ್ಮ ಫೈಲು ಇಟ್ಟುಕೊಳ್ಳಬೇಕೋ ಹೊಸದು ಹಾಕಬೇಕೋ ಎಂದು ಕೇಳುತ್ತದೆ. ಯಾವುದಕ್ಕೆ ಒತ್ತುವುದು?

ಮೊದಲು ಡಿ ಒತ್ತಿ ಎರಡರ ವ್ಯತ್ಯಾಸ ಓದಿ. ಏನೂ ಒತ್ತದೆ ಎಂಟರ್ ಹೊಡೆದರೆ ಪ್ಯಾಕೇಜುಗಳನ್ನು ಹಾಕುವ ಡಿಪಿಕೆಜಿ ನಿಮ್ಮ ಫೈಲನ್ನು ಉಳಿಸಿ, ಹೊಸದನ್ನು .ಡಿಪಿಕೆಜಿ-ಡಿಸ್ಟ್ ಎಂಬ ಬಾಲ ಸೇರಿಸಿ ಪಕ್ಕದಲ್ಲಿ ಇಡುತ್ತದೆ. ಹೊಸದನ್ನು ಒಪ್ಪಿದರೆ ನಿಮ್ಮದಕ್ಕೆ .ಡಿಪಿಕೆಜಿ-ಓಲ್ಡ್ ಎಂಬ ಬಾಲ ಬರುತ್ತದೆ. ಆದ್ದರಿಂದ ಯಾವುದನ್ನು ಒತ್ತಿದರೂ ಪೂರ್ತಿ ಕಳೆದುಹೋಗುವುದಿಲ್ಲ. ನಿಮ್ಮ ತಿದ್ದುಪಡಿಗಳನ್ನು ಮುಖ್ಯ ಫೈಲಿನಲ್ಲಿ ಮಾಡದೆ .ಡಿ ಫೋಲ್ಡರಿನ ಪ್ರತ್ಯೇಕ ಫೈಲಿನಲ್ಲಿ ಇಟ್ಟುಕೊಂಡಿದ್ದರೆ ಈ ಪ್ರಶ್ನೆಯೇ ಅಪರೂಪವಾಗುತ್ತದೆ.

ನಮ್ಮಲ್ಲಿ ಮೂರು ಜನ ಒಂದೇ ಸರ್ವರ್ ತಿದ್ದುತ್ತೇವೆ. ಯಾರು, ಯಾವಾಗ, ಏನು ಬದಲಾಯಿಸಿದರು ಎಂದು ತಿಳಿಯುವುದು ಹೇಗೆ?

ಇಟಿಸಿಕೀಪರ್ ಎಂಬ ಪ್ಯಾಕೇಜು ಇಡೀ ಇಟಿಸಿ ಫೋಲ್ಡರನ್ನು ಗಿಟ್‌ನ ಕೆಳಗೆ ತರುತ್ತದೆ, ಏಪ್ಟ್‌ನಿಂದ ಏನನ್ನಾದರೂ ಹಾಕಿದಾಗ ಅಥವಾ ತೆಗೆದಾಗ ತಾನಾಗಿ ದಾಖಲಿಸುತ್ತದೆ, ಗಿಟ್ ನೆನಪಿಡದ ಅನುಮತಿ ಮತ್ತು ಒಡೆತನದ ವಿವರಗಳನ್ನೂ ಬರೆದಿಟ್ಟುಕೊಳ್ಳುತ್ತದೆ. ಕೈಯಲ್ಲಿ ತಿದ್ದಿದ ಮೇಲೆ ಕಮಿಟ್ ಮಾಡುವ ಶಿಸ್ತು ಮಾತ್ರ ಮೂವರಿಗೂ ಇರಬೇಕು. ಸಂದೇಶವನ್ನು ಕನ್ನಡದಲ್ಲೇ ಬರೆಯಿರಿ, "ಸೆಟ್ಟಿಂಗ್ ಬದಲಾವಣೆ" ಎಂದಲ್ಲ, ಯಾಕೆ ಬದಲಾಯಿಸಿದಿರಿ ಎಂಬುದನ್ನು. ಈ ಗಿಟ್ ಸಂಗ್ರಹದಲ್ಲಿ ಪಾಸ್‌ವರ್ಡ್‌ಗಳ ಹ್ಯಾಶ್ ಇರುವ ಶ್ಯಾಡೋ ಫೈಲೂ ಸೇರಿರುತ್ತದೆಯಾದ್ದರಿಂದ, ಅದನ್ನು ಹೊರಗಿನ ಯಾವ ಗಿಟ್ ತಾಣಕ್ಕೂ ತಳ್ಳಬೇಡಿ.